ದುಡ್ಡು ಕೊಡಿ, ಲೆಕ್ಕ ಕೇಳಿ

ಪುಸ್ತಕ ಅಚ್ಚಾಗುವ ಮೊದಲೇ ಓದುಗರಿಂದ ದುಡ್ಡು ಕೂಡಿಸಿ ಕಾದಂಬರಿ ತರುವ ಲೇಖಕರು ಹೆಚ್ಚುತ್ತಿದ್ದಾರೆ. ತಪ್ಪೇನಿಲ್ಲ. ನಮ್ಮ ಗಳಗನಾಥರು ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಮಾರಿದವರೇ. ಓದುಗನೇ ಲೇಖಕನ ಧಣಿ.

ಅಮೆರಿಕದ ಬ್ರ್ಯಾಂಡನ್ ಸ್ಯಾಂಡರ್ಸನ್ 2022ರಲ್ಲಿ ನಾಲ್ಕು ಕಾದಂಬರಿಗೆ ಹೀಗೆ 4 ಕೋಟಿ ಡಾಲರಿಗೂ ಮಿಕ್ಕಿ ಎತ್ತಿದರು. ಕೊಟ್ಟವರು ಸುಮಾರು 1 ಲಕ್ಷ 85 ಸಾವಿರ ಮಂದಿ. ಕಾದಂಬರಿಗಳನ್ನು ಮೊದಲೇ ಬರೆದಿಟ್ಟಿದ್ದರು. 2023ರಲ್ಲಿ ಮಾತಿನಂತೆ ಕೊಟ್ಟರು.

ಇಂಗ್ಲೆಂಡಿನ ‘ಅನ್‌ಬೌಂಡ್’ ಪ್ರಕಾಶನದ ಕಥೆಯೇ ಬೇರೆ. ಲೇಖಕರು ಓದುಗರ ಬೆನ್ನು ಬಿದ್ದು ಹಣ ಕೂಡಿಸಿದರು, ಹಣ ಕಂಪನಿಯ ಗಲ್ಲಾಪೆಟ್ಟಿಗೆ ಸೇರಿತು. 2025ರ ಮಾರ್ಚಿಯಲ್ಲಿ ಕಂಪನಿ ಕೈಯೆತ್ತಿತು. ಲೇಖಕರಿಗೆ ಬಾಕಿ ಬರಲಿಲ್ಲ, ಮುಂಗಡ ಕೊಟ್ಟ ಎಷ್ಟೋ ಓದುಗರಿಗೆ ಪುಸ್ತಕವೂ ಬರಲಿಲ್ಲ.

ಚೀಟಿ ಹಾಕಿ ಪಳಗಿದ ಅಂಗಡಿಯವರಿಗೆ ಇದನ್ನು ಬಿಡಿಸಿ ಹೇಳಬೇಕೆ? ಯಾರಾದರೂ ಕಾದಂಬರಿಗೆ ದುಡ್ಡು ಕೇಳಿದರೆ ಮೂರು ಮಾತು ಕೇಳಿ. ಬರೆದು ಮುಗಿದಿದೆಯಾ? ದುಡ್ಡು ಯಾರ ಖಾತೆಗೆ ಹೋಗುತ್ತೆ? ಪುಸ್ತಕ ಬರದಿದ್ದರೆ ವಾಪಸ್ಸು ಕೊಡೋರು ಯಾರು?

ನೆಟ್ಟಗೆ ಉತ್ತರ ಬಂದರೆ ಧಾರಾಳವಾಗಿ ಕೊಡಿ ಸ್ವಾಮಿ, ಲೇಖಕನೂ ಬದುಕಬೇಕು. ಆದರೆ ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ ಆಗೋದು ಬೇಡ.