ಕೆಡಿಸಲು ಬಟ್ಟೆ ಕೊಡುವವರು ಯಾರು?

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ತಾಲೂಕುಗಳಿಗೆ ಹೊಲಿಗೆ ತರಬೇತಿಯ ಮಾತು ಹೊಸದಲ್ಲ. ತರಬೇತಿ ಮುಗಿಯುತ್ತದೆ, ಮುಖಂಡರು ಬರುತ್ತಾರೆ, ಪ್ರಮಾಣಪತ್ರ ಹಂಚಿ ಫೋಟೋ ತೆಗೆಸಿಕೊಳ್ಳುತ್ತಾರೆ. ಆರು ತಿಂಗಳ ಮೇಲೆ ಅದೇ ಮನೆಗೆ ಹೋಗಿ ನೋಡಿರಿ. ಎಷ್ಟೋ ಕಡೆ ಮಶಿನ್ನಿನ ಮೇಲೆ ಹಾಸಿಗೆ ಮಡಿಚಿಟ್ಟಿರುತ್ತದೆ. ಹೆಣ್ಣುಮಗಳಿಗೆ ಆಸಕ್ತಿ ಇಲ್ಲವೆಂದು ದೊಡ್ಡವರು ಹೇಳಿ ಕೈ ತೊಳೆದುಕೊಳ್ಳುತ್ತಾರೆ. ತಪ್ಪು ಅವಳದಲ್ಲವೆಂಬುದು ನಮ್ಮ ಸ್ಪಷ್ಟ ಅಭಿಪ್ರಾಯ.

ನಮ್ಮ ಹೆಣ್ಣುಮಕ್ಕಳಿಗೆ ಸೂಜಿ ಹೊಸದಲ್ಲ. ಹಳೆಯ ಸೀರೆ ಕೂಡಿಸಿ ಕೌದಿ ಹೊಲಿದ ಕೈ ಅದು. ಆದರೆ ಮಶಿನ್ನಿನ ಮುಂದೆ ಕೂತ ಮೊದಲ ದಿವಸ ಕಾಲು ಒಂದು ಕಡೆ, ಕೈ ಒಂದು ಕಡೆ. ಗಾಲಿ ಹಿಂದಕ್ಕೆ ತಿರುಗಿತೆಂದರೆ ದಾರ ಕಡಿಯುತ್ತದೆ. ಅದಕ್ಕೇ ತಿಳಿದವರು ಮೊದಲು ದಾರ ಹಾಕದೆ, ಗೆರೆ ಎಳೆದ ರದ್ದಿ ಕಾಗದದ ಮೇಲೆ ಸೂಜಿ ಓಡಿಸಲು ಹೇಳುತ್ತಾರೆ. ಆಮೇಲೆ ಚೀಲ. ಚೀಲಕ್ಕೆ ತೋಳಿಲ್ಲ, ಕೊರಳಿಲ್ಲ; ಎಲ್ಲ ನೆಟ್ಟಗಿನ ಹೊಲಿಗೆ. ಆದರೂ ಅದು ಕಲಿಸುವುದು ಕಡಿಮೆಯಲ್ಲ. ಅಂಚನ್ನು ಎರಡು ಸಲ ಮಡಿಚದಿದ್ದರೆ ಎಳೆ ಬಿಡುತ್ತದೆ. ಹಿಡಿಕೆಯ ಬುಡವನ್ನು ಚೌಕಾಗಿ ಹೊಲಿದು ನಡುವೆ ಅಡ್ಡಹೊಲಿಗೆ ಹಾಕದಿದ್ದರೆ, ಸಂತೆಯಲ್ಲಿ ಐದು ಕಿಲೋ ಜೋಳ ತುಂಬಿದ ಕೂಡಲೇ ಕಿತ್ತುಬರುತ್ತದೆ. ಚೀಲದ ನಂತರ ದಿಂಬಿನ ಗಲೀಫು, ಲಾಡಿ ಹಾಕುವ ಪರಕಾರ, ಕೂಸಿನ ಅಂಗಿ. ಎಲ್ಲಕ್ಕೂ ಕಡೆಗೆ ಜಂಪರ.

ಜಂಪರದಲ್ಲಿಯೇ ಬಡವಳು ಸೋಲುತ್ತಾಳೆ. ಹೊಲಿಗೆ ತಪ್ಪಿದರೆ ಬಿಚ್ಚಬಹುದು; ಕತ್ತರಿ ತಪ್ಪಿದರೆ ಬಟ್ಟೆ ಹೋಯಿತು. ಕಂಕುಳದ ಸುತ್ತು, ತೋಳಿನ ಇಳಿಜಾರು ಕೈಗೆ ಹತ್ತಬೇಕಾದರೆ ನಾಲ್ಕಾರು ಜಂಪರ ಕೆಡಲೇಬೇಕು. ಬಟ್ಟೆ ಅಂಗಡಿಯವರ ಮಗಳಿಗೆ ಕೆಡಿಸಲು ಬಟ್ಟೆ ಉಂಟು. ಹತ್ತಿ ಬಿಡಿಸಲು ಹೋಗುವ ಕೂಲಿಯವಳಿಗೆ ಎಲ್ಲಿಯದು? ನೆರೆಮನೆಯವಳು ತನ್ನ ಹೊಸ ಖಣವನ್ನು ಕಲಿಯುವವಳ ಕತ್ತರಿಗೆ ಕೊಡುವಳೇ?

ಕೇಂದ್ರ ಸರಕಾರ 2023ರ ಸಪ್ಟೆಂಬರ್ 17ರಂದು ಪ್ರಾರಂಭಿಸಿದ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಸಿಂಪಿಗರ ಕಸುಬೂ ಒಂದು. 5ರಿಂದ 7 ದಿವಸದ ಮೂಲ ತರಬೇತಿ, ದಿವಸಕ್ಕೆ 500 ರೂಪಾಯಿ ಭತ್ಯ, ಸಲಕರಣೆಗೆ 15,000 ರೂಪಾಯಿವರೆಗೆ ನೆರವು, ಮೊದಲ ಕಂತಿನಲ್ಲಿ 1 ಲಕ್ಷದವರೆಗೆ ಸಾಲ ಎಂದು ಗೊತ್ತುಮಾಡಲಾಯಿತು. ಕಸುಬು ಬಲ್ಲವರಿಗೆ ಇದು ಉಪಯೋಗವೇ. ಆದರೆ ಹೊಸಬಳು ಒಂದು ವಾರದಲ್ಲಿ ಚೀಲದವರೆಗೆ ಬಂದಾಳು, ಜಂಪರದವರೆಗೆ ಬರಲಾರಳು. ನಡುವಿನ ತಿಂಗಳುಗಳನ್ನು ಅವಳು ಏನು ತಿಂದು ಕಳೆಯಬೇಕು?

ಉತ್ತರ ಅವಳು ಆಗಲೇ ಕಲಿತ ಚೀಲದಲ್ಲಿಯೇ ಇದೆ. 2016ರ ಮಾರ್ಚ್ ತಿಂಗಳಲ್ಲಿ ರಾಜ್ಯ ಸರಕಾರ ಪ್ಲಾಸ್ಟಿಕ್ ಚೀಲವನ್ನು ನಿಷೇಧಿಸಿತು. ಆದರೂ ಸಂತೆಯಲ್ಲಿ ಅದು ಕಾಣದ ದಿನವಿಲ್ಲ. ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಲಕ್ಷಗಟ್ಟಲೆ ಜನ ಬರುತ್ತಾರೆ. ಅವರ ಕಾಯಿ, ಭಂಡಾರ, ಉಡಿಯ ಸಾಮಾನಿಗೆ ಬಟ್ಟೆಯ ಚೀಲ ಯಾಕಾಗಬಾರದು? ದೇವದಾಸಿ ಬಿಡುವ ಪದ್ಧತಿಯನ್ನು 1982ರ ಕಾನೂನು ನಿಷೇಧಿಸಿತು. ಆದರೆ ಕಾನೂನು ಒಲೆ ಹೊತ್ತಿಸುವುದಿಲ್ಲ. ಆ ಪದ್ಧತಿಯಿಂದ ಹೊರಬಂದ ತಾಯಂದಿರಿಗೆ ಗುಡ್ಡದ ಚೀಲದ ಕೆಲಸ ಮೊದಲು ಸಿಗಬೇಕು. ಅದು ದಾನವಲ್ಲ, ಹಕ್ಕು.

ಊರಲ್ಲಿ ಕೆಲಸವಿಲ್ಲದವಳು ಬೆಂಗಳೂರಿನ ಗಾರ್ಮೆಂಟ್ಸ್‌ಗೆ ಹೋಗಬೇಕಾಗುತ್ತದೆ. ಅಲ್ಲಿ ದಿನವಿಡೀ ಕಾಲರೊಂದನ್ನೇ ಹೊಲಿಯುವವಳಿಗೆ ಅಂಗಿ ತನ್ನದೆನಿಸುವುದಿಲ್ಲ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿಯ ಹಣ ಹಿಂತೆಗೆಯಲು ಅಡ್ಡಿ ಹಾಕಿದ ನಿಯಮದ ವಿರುದ್ಧ ಆ ಸೋದರಿಯರು ಸಾವಿರಗಟ್ಟಲೆ ಬೀದಿಗಿಳಿದರು. ಕೇಂದ್ರ ಅದನ್ನು ಹಿಂದೆಗೆದುಕೊಂಡಿತು. ಅವರ ಒಗ್ಗಟ್ಟಿಗೆ ನಮ್ಮ ವಂದನೆ. ಆದರೆ ಲೋಹಿಯಾ ಅವರು ಸಣ್ಣ ಯಂತ್ರದ ಮಾತು ಆಡಿದ್ದು ದುಡಿಯುವವನ ಊರಿನಲ್ಲಿಯೇ, ಅವನ ಕೈಯಲ್ಲಿಯೇ ಯಂತ್ರ ಇರಲೆಂದು. ಯಂತ್ರಗಳ ಟೀಕಾಕಾರರಾದ ಗಾಂಧೀಜಿಯೂ 1924ರಲ್ಲಿ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟಿದ್ದರು.

ಆದಕಾರಣ ನಮ್ಮ ಬೇಡಿಕೆಗಳು ಇವು:

1. ತರಬೇತಿ ಕನಿಷ್ಠ ಆರು ತಿಂಗಳು ನಡೆಯಲಿ. ಕೆಡಿಸಿ ಕಲಿಯುವ ಬಟ್ಟೆಯ ಖರ್ಚು ಸರಕಾರದ್ದಾಗಲಿ.

2. ಪ್ರತಿ ತಾಲೂಕಿನಲ್ಲಿ ಹೊಲಿಯುವವರದೇ ಸಹಕಾರಿ ಸಂಘವಾಗಲಿ. ಬಟ್ಟೆಯನ್ನು ಸಾಧ್ಯವಾದಷ್ಟು ರಾಮದುರ್ಗದ ನೇಕಾರರಿಂದ ಕೊಳ್ಳಲಿ.

3. ಪುರಸಭೆ, ಮಾರುಕಟ್ಟೆ ಸಮಿತಿ, ದೇವಸ್ಥಾನದ ಆಡಳಿತಗಳು ಚೀಲಗಳನ್ನು ನೇರವಾಗಿ ಸಂಘದಿಂದಲೇ ಕೊಳ್ಳಲಿ. ನಡುವೆ ಗುತ್ತಿಗೆದಾರ ಬೇಡ.

4. ಕೂಲಿಯನ್ನು ಹೊಲಿಯುವವರೊಂದಿಗೆ ಕೂತು ನಿಗದಿ ಮಾಡಲಿ.

ಕಿತ್ತೂರಿನಲ್ಲಿ ವರ್ಷವರ್ಷ ಚೆನ್ನಮ್ಮನ ಉತ್ಸವ ಮಾಡುತ್ತೇವೆ. 1824ರಲ್ಲಿ ಆ ತಾಯಿ ಖಡ್ಗ ಹಿಡಿದದ್ದು ತನ್ನ ನೆಲದ ಮೇಲೆ ಪರರ ಅಪ್ಪಣೆ ನಡೆಯಬಾರದೆಂದು. ಅವಳ ನಾಡಿನ ಹೆಣ್ಣುಮಗಳು ಇಂದು ಕತ್ತರಿ ಹಿಡಿದಿದ್ದಾಳೆ. ಮೊದಲ ಸಲ ಅವಳ ಕೈ ನಡುಗೀತು, ಬಟ್ಟೆ ಕೆಟ್ಟೀತು. ಕೆಡಲಿ. ಎರಡನೆಯ ತುಂಡು ಅವಳ ಕೈಗೆ ಸಿಗುವಂತೆ ಮಾಡುವುದು ನಮ್ಮ ಕೆಲಸ.