ಸ್ವಿಚ್‌ನ ಎಚ್ಚರಿಕೆ ಆಫ್ ಮಾಡೋ ಮೊದಲು

ಈಗಷ್ಟೇ ಕುಮಟಾದಲ್ಲಿ ಕಂಡವರು ಮರುಕ್ಷಣ ಹೊನ್ನಾವರದಲ್ಲಿ ಸಿಕ್ಕರೆ ಪೋಸ್ಟ್‌ಮ್ಯಾನ್ ಪತ್ರ ಎಲ್ಲಿಗೆ ಕೊಡಬೇಕು? ನೆಟ್‌ವರ್ಕ್ ಸ್ವಿಚ್ ‘ಮ್ಯಾಕ್ ಫ್ಲ್ಯಾಪ್’ ಅಂತ ಎಚ್ಚರಿಸೋದೂ ಇದಕ್ಕೇ: ಒಂದೇ ಸಾಧನದ ಮ್ಯಾಕ್ ವಿಳಾಸ ಎರಡು ಪೋರ್ಟ್‌ಗಳಲ್ಲಿ ಅದಲುಬದಲಾಗಿ ಕಾಣ್ತಿದೆ.

ಲಾಡ್ಜ್‌ಗಳಲ್ಲಿ ಹೆಚ್ಚಿನ ಸಲ ಕಾರಣ ಸರಳ. ಅತಿಥಿ ಮೆಟ್ಟಿಲು ಹತ್ತಿದಾಗ ಫೋನ್ ಕೆಳಗಿನ ವೈಫೈ ಆ್ಯಕ್ಸೆಸ್ ಪಾಯಿಂಟ್ ಬಿಟ್ಟು ಮೇಲಿನದನ್ನು ಹಿಡಿಯುತ್ತೆ. ಅದು ದೋಷವಲ್ಲ.

‘ಹಾಗಾದ್ರೆ ಎಚ್ಚರಿಕೆ ಆಫ್ ಮಾಡು ಮಾರಾಯ’ ಅಂತಾರೆ ಮಾಲೀಕರು. ನಾನು ಒಪ್ಪಲ್ಲ. ಕೇಬಲ್‌ನಲ್ಲಿರೋ ಪ್ರಿಂಟರ್, ಸಿಸಿಟಿವಿ ಕ್ಯಾಮೆರಾ ನಡೆದಾಡಲ್ಲ. ಅವುಗಳ ವಿಳಾಸವೂ ಲಾಗ್‌ನಲ್ಲಿ ಹಾರಾಡ್ತಿದ್ರೆ, ಎಲ್ಲೋ ಒಂದು ಕೇಬಲ್‌ನ ಎರಡೂ ತುದಿ ಒಂದೇ ನೆಟ್‌ವರ್ಕ್‌ಗೆ ಸೇರಿ ಲೂಪ್ ಆಗಿರಬಹುದು. ಆಗ ಬಿಲ್ಲಿಂಗ್, ವೈಫೈ, ಕ್ಯಾಮೆರಾ ಎಲ್ಲ ಒಟ್ಟಿಗೇ ನಿಲ್ಲುತ್ತೆ. ಸ್ವಿಚ್‌ನಲ್ಲಿ ಸ್ಪ್ಯಾನಿಂಗ್ ಟ್ರೀ ಆನ್ ಇದೆಯಾ ನೋಡಿ. ಕೇಬಲ್ ಹುಡುಕಾಟ ಮಾತ್ರ ಕೌಂಟರ್ ಕೆಳಗೆ ಧೂಳು ಹಿಡಿದಿರೋ ಚಿಕ್ಕ ಸ್ವಿಚ್‌ನಿಂದಲೇ ಶುರುವಾಗಲಿ.