ಓಟಗಾರ್ತಿಯ ತಟ್ಟೆಗೇಕೆ ನೀತಿಪಾಠ?

ದೂರ ಓಡುವವರಿಗೆ ಕುರಿಮಾಂಸ ಬೇಡ, ಸೊಪ್ಪು-ಕಾಳು ಸಾಕು ಎಂಬ ಲೇಖನವನ್ನು ಹೆಗ್ಗೋಡಿನಲ್ಲಿ ಕೂತು ಓದಿ ಸಿಟ್ಟು ಬಂತು. ಮಾಂಸದಲ್ಲಿರುವ ಹೀಮ್ ಕಬ್ಬಿಣಾಂಶ ಶೇ. 15ರಿಂದ 35ರಷ್ಟು ಮೈಗೆ ಹತ್ತುತ್ತದೆ. ಸೊಪ್ಪು-ಕಾಳಿನದು ಬಹಳ ಕಡಿಮೆ. ಊಟದ ಜೊತೆ ಚಹಾ ಕುಡಿದರಂತೂ ಇನ್ನೂ ಕಡಿಮೆ. ಓಡುವಾಗ ಬೆವರಿನಲ್ಲಿ ಕಬ್ಬಿಣಾಂಶ ಹೋಗುತ್ತದೆ, ಅಂಗಾಲಿನ ಬಡಿತಕ್ಕೆ ಕೆಂಪು ರಕ್ತಕಣಗಳೂ ಒಡೆಯುತ್ತವೆ. ಹುಡುಗಿಯರಿಗೆ ಮುಟ್ಟಿನ ನಷ್ಟ ಬೇರೆ. ಸಾಗರ, ಹೊಸನಗರ, ತೀರ್ಥಹಳ್ಳಿಯ ಎಷ್ಟೋ ಮನೆಗಳಲ್ಲಿ ಮಾಂಸದಡುಗೆ ತಲೆಮಾರುಗಳಿಂದ ಇದೆ. ಆ ಮನೆಯ ಹುಡುಗಿಗೆ ಅದನ್ನು ಬಿಡು ಎನ್ನುವುದು ಯಾವ ವಿಜ್ಞಾನ? ಮಿತಿ ಬೇಕು, ಒಪ್ಪುತ್ತೇನೆ: ವಾರಕ್ಕೆ ಬೇಯಿಸಿದ ಕೆಂಪು ಮಾಂಸ 350–500 ಗ್ರಾಂ ಮೀರದಿರಲಿ ಎಂದು ವಿಶ್ವ ಕ್ಯಾನ್ಸರ್ ಸಂಶೋಧನಾ ನಿಧಿಯೇ ಹೇಳಿದೆ. ಮಾಂಸ ತಿನ್ನದವರು ಹುರುಳಿಕಾಳಿಗೆ ನಿಂಬೆ ಹಿಂಡಿಕೊಂಡು, ಬಿ12 ಕಡೆ ಗಮನವಿಟ್ಟು ಚೆನ್ನಾಗಿಯೇ ಓಡಬಹುದು. ಸುಸ್ತು ಎನ್ನುವ ಓಟಗಾರ್ತಿಗೆ ಮೊದಲು ಮೈಯಲ್ಲಿನ ಕಬ್ಬಿಣಾಂಶದ ದಾಸ್ತಾನು ತಿಳಿಸುವ ಫೆರಿಟಿನ್ ಪರೀಕ್ಷೆ ಮಾಡಿಸಿ.